ಎರಡು ಗುಂಡಿನ ಮೇಲೆ ಬಂದ ಕಾಗದ

ನನ್ನ ಅವ್ವನಿಗೆ ಇಬ್ಬರು ಗಂಡಂದಿರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹುಬ್ಬು ಹಾರಿಸುವುದು ಬೇಡ. ಮೊದಲನೆಯವರು ನನ್ನ ದೊಡ್ಡಪ್ಪ. ಸೈನ್ಯದಲ್ಲಿದ್ದರು, ಎಪ್ಪತ್ತೊಂದರ ಯುದ್ಧಕ್ಕೆ ಹೋದವರು ಬರಲಿಲ್ಲ. ಎರಡನೆಯವನು ಅವರ ತಮ್ಮ, ಅಂದರೆ ನನ್ನ ಅಪ್ಪ. ಗಂಡ ತೀರಿಹೋದ ಚಿಕ್ಕ ಪ್ರಾಯದ ಹೆಣ್ಣನ್ನು ಮೈದುನನಿಗೇ ಕೊಟ್ಟು ಮದುವೆ ಮಾಡುವುದು ನಮ್ಮ ಕಡೆ ಹಿಂದಿನಿಂದಲೂ ಇದ್ದದ್ದೇ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಗೋಡೆಯಲ್ಲಿ ದೊಡ್ಡಪ್ಪನ ಸಮವಸ್ತ್ರದ ಫೋಟೋ ಇತ್ತು, ಅದಕ್ಕೊಂದು ಮಾಲೆ ಇತ್ತು. ಪರೀಕ್ಷೆಗೆ ಹೋಗುವಾಗ ಅದಕ್ಕೂ ಒಂದು ಸಲ ಕೈ ಮುಗಿದು ಓಡುತ್ತಿದ್ದೆವು. ಐವತ್ತು ವರ್ಷ ತುಂಬುವವರೆಗೂ ಆ ಫೋಟೋದ ಬಗ್ಗೆ ನನ್ನ ತಲೆಯಲ್ಲಿ ಒಂದು ಪ್ರಶ್ನೆಯೂ ಹುಟ್ಟಲಿಲ್ಲ. ಪ್ರಶ್ನೆ ಎತ್ತಿದವಳು ಅವ್ವ.

ವರ್ಷಕ್ಕೊಮ್ಮೆ ನಾವು ಕಾರಣರಿಗೆ ಬಡಿಸುತ್ತೇವೆ. ಕಾರಣರು ಎಂದರೆ ತೀರಿಹೋದ ಹಿರಿಯರು. ಒಳಕೋಣೆಯಲ್ಲಿ ದೀಪ ಹಚ್ಚಿ, ಬಾಳೆ ಎಲೆಯಲ್ಲಿ ಅನ್ನ, ಅಕ್ಕಿ ರೊಟ್ಟಿ, ಕೋಳಿ ಸಾರು ಬಡಿಸಿ, ಪಕ್ಕದಲ್ಲಿ ಲೋಟಕ್ಕೆ ಬ್ರಾಂದಿ ಹೊಯ್ದು, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಅಪ್ಪ ತೀರಿಹೋಗಿ ಎರಡನೆಯ ವರ್ಷವದು. ಎಲೆ ಹಾಸಿದಾಗ ಅಣ್ಣತಮ್ಮಂದಿರ ಎಲೆಗಳು ಒಂದರ ಪಕ್ಕ ಒಂದು ಬಂದವು. ಅವ್ವ ಸೌಟು ಹಿಡಿದವಳು ಬಡಿಸದೆ ನಿಂತೇಬಿಟ್ಟಳು.

"ಇವು ಸತ್ತದ್ ನಾ ನೋಡಿದೆ," ಎಂದು ಅಪ್ಪನ ಎಲೆ ತೋರಿಸಿದಳು. "ಅವು ಸತ್ತದ್ ಯಾರ್ ನೋಡ್ದೊ? ಐವತ್ತು ವರ್ಷಂದ ಬಡಿಸ್ತೊಳೆ. ಎಲ್ಲಿ ಸತ್ತದ್, ಹೆಂಗೆ ಸತ್ತದ್, ಯಾರ್ ಮಣ್ಣು ಮಾಡ್ದೊ, ಒಂದೂ ಗೊತ್ಲೆ ನಂಗೆ."

"ಈಗ ಯಾಕವ್ವ ಅದೆಲ್ಲ?"

"ಮತ್ತೆ ಯಾವಾಗ? ನಾ ಮೇಲೆ ಹೋದ್ರೆ ಇಬ್ರೂ ಎದುರಿಗೆ ಬಂದು ನಿಂತವೆ. ಇವ್ರ ಹತ್ರ ಮಾತಾಡ್ಬೋದು. ಅವ್ರ ಹತ್ರ ಎಂತ ಹೇಳ್ಲಿ? ನೀವು ಎಲ್ಲಿದ್ರಿ ಹೇಳಿ ನಾ ಯಾರ್ನೂ ಕೇಳ್ಲೆ ಹೇಳ್ಲಾ? ನೀ ಹುಡುಕೊಕು ಗೂಡೆ."

ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ; ಇವು, ಅವು ಅಂದರೆ ಇವರು, ಅವರು; ಹೇಳಿ ಅಂದರೆ ಎಂದು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮೆಟ್ಟಿಲು ಹತ್ತುವ ನಾನು ಅವ್ವನಿಗೆ ಇನ್ನೂ ಗೂಡೆಯೇ.

ದೊಡ್ಡಪ್ಪನ ಸಾವಿನ ಸುದ್ದಿ ಬಂದ ದಿನದ ಕಥೆ ನನಗೆ ಗೊತ್ತಿತ್ತು, ಆದರೆ ಅವ್ವನ ಬಾಯಲ್ಲಿ ಕೇಳಿದ್ದು ಅಂದೇ ಮೊದಲು. ಕೊಡಗಿನವರಿಗೆ ವಿವರಿಸಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಹೆಣ್ಣು ಹುಟ್ಟಿದರೆ ಕೋವಿ ಗೋಡೆಯಲ್ಲೇ ಇರುತ್ತದೆ, ನಾನು ಹುಟ್ಟಿದಾಗಲೂ ಇತ್ತಂತೆ, ಮದ್ದು ಉಳಿಯಿತು. ಎರಡು ಗುಂಡು ಕೇಳಿದ ಮೇಲೆ ಯಾರೂ ಕರೆಗೆ ಕಾಯುವುದಿಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು ಸದ್ದು ಬಂದ ಕಡೆಗೆ ಹೊರಡುತ್ತಾರೆ.

ಅವ್ವನಿಗೆ ಆಗ ಇಪ್ಪತ್ತು, ಮದುವೆಯಾಗಿ ಎಂಟು ತಿಂಗಳು. ಕೆಳಗಿನ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದಳು. "ಒಂದು ಕೇಳ್ತ್. ಯಾರ ಮನೇಲಪ್ಪ ಹೈದ ಹುಟ್ಟಿದ್ ಹೇಳಿ ನಗಾಡ್ದೆ. ಆಗ ಇನ್ನೊಂದು ಕೇಳ್ತ್. ನಮ್ಮ ಅಂಗಳಂದಲೇ."

ಬಂದ ಟೆಲಿಗ್ರಾಂ ಕೈಯಲ್ಲಿ ಹಿಡಿದು ಅಪ್ಪನ ಅಪ್ಪ, ನನ್ನ ಅಜ್ಜ, ಹಾರಿಸಿದ ಗುಂಡುಗಳವು. ಹೆಣ ಬರಲಿಲ್ಲ. ಅವರ ಒಂದು ಅಂಗಿಯನ್ನು ಚಿತೆಯ ಮೇಲಿಟ್ಟು ಸುಟ್ಟರು, ಅವ್ವನ ಬಳೆ ಒಡೆದರು. ಮರುವರ್ಷ ಕಳೆದು ನನ್ನ ಅಪ್ಪನ ಜೊತೆ ಮದುವೆ ಮಾಡಿದರು. ಕೇಳಿದವರಿಗೆಲ್ಲ ಇಷ್ಟೇ ಕಥೆ.

ಹುಡುಕು ಎಂದರೆ ಎಲ್ಲಿಂದ ಹುಡುಕುವುದು? ಕಕ್ಕಬೆ ಹತ್ತಿರದ ಇದೇ ಮನೆಯಲ್ಲಿ ಅವ್ವನ ಜೊತೆ ಇದ್ದುಕೊಂಡು ನಾನು ಒಂದು ಸಣ್ಣ ಹೋಂಸ್ಟೇ ನಡೆಸುತ್ತೇನೆ, ಮೂರು ಕೋಣೆ. ಬೆಟ್ಟ ಹತ್ತಲು ಬರುವವರಿಗೆ ಕಡುಬು, ಪಂದಿಕರಿ ಮಾಡಿ ಹಾಕಿ, ವೈಫೈ ಯಾಕಿಲ್ಲ ಎಂದು ಬೈಸಿಕೊಳ್ಳುವುದು ನನ್ನ ಉದ್ಯೋಗ. ಆ ಚಳಿಗಾಲದಲ್ಲಿ ಬಂದ ಒಬ್ಬರು ಸೈನ್ಯದ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಬಯಲುಸೀಮೆಯ ಕಡೆಯ ಮನುಷ್ಯ. ಊಟಕ್ಕೆ ಕೂತಾಗ ಫೋಟೋ ನೋಡಿ ಕೇಳಿದರು, ನಾನು ಹೇಳಿದೆ. "ಅಲ್ರೀ, ಹೆಣ ಬಂದಿಲ್ಲ ಅಂದ್ರ ಸುಮ್ಮನ ಸತ್ತಾನ ಅಂತ ಬರಿಯಾಕ ಬರೂದಿಲ್ಲ," ಎಂದರು ಅವರು. "ವಿಚಾರಣೆ ಆಗಿರ್ತೈತಿ. ಫೈಲ್ ಇರ್ತೈತಿ. ಮನಿಯವ್ರು ಕೇಳಿದ್ರ ಕೊಡಬೇಕು." ಅರ್ಜಿ ಹೇಗೆ ಬರೆಯಬೇಕು, ಯಾವ ವಿಳಾಸಕ್ಕೆ ಕಳಿಸಬೇಕು ಎಲ್ಲವನ್ನೂ ಅವರೇ ಹೇಳಿಕೊಟ್ಟು ಹೋದರು. ಪುಣ್ಯಾತ್ಮ.

ಮೊದಲ ಅರ್ಜಿಗೆ ಉತ್ತರವೇ ಇಲ್ಲ. ಎರಡನೆಯದಕ್ಕೆ, ಹಳೆಯ ಕಡತ ಹುಡುಕುತ್ತಿದ್ದೇವೆ ಎಂದು ಬಂತು. ಅವ್ವ ದಿನಾ ಕೇಳುವಳು, ನಾನು ದಿನಾ ರೇಗುವೆನು. ಐದಾರು ತಿಂಗಳಾದ ಮೇಲೆ ಒಂದು ದಪ್ಪ ಲಕೋಟೆ ಬಂತು. ಅವತ್ತು ಕೋಣೆಗಳಲ್ಲಿ ಯಾರೂ ಇರಲಿಲ್ಲ, ಅವ್ವ ಹಿತ್ತಿಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ನಾನು ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಒಡೆದೆ.

ಎಲ್ಲ ಇಂಗ್ಲಿಷಿನಲ್ಲಿ. ಪಿಯುಸಿ ಓದಿದ ಇಂಗ್ಲಿಷು ನನ್ನದು, ನಿಧಾನಕ್ಕೆ ಓದಿದೆ. ಮೊದಲು ಸಿಕ್ಕಿದ್ದು ಆ ಟೆಲಿಗ್ರಾಮಿನ ಪ್ರತಿ. ಅದರಲ್ಲಿ ಸತ್ತಿದ್ದಾರೆ ಎಂಬ ಮಾತೇ ಇಲ್ಲ! ಕಾಣೆಯಾಗಿದ್ದಾರೆ, ಹೆಚ್ಚಿನ ವಿಷಯ ತಿಳಿದೊಡನೆ ತಿಳಿಸಲಾಗುವುದು ಎಂದಿತ್ತು. ಹಾಗಾದರೆ ಅಜ್ಜ ಯಾವುದಕ್ಕೆ ಗುಂಡು ಹಾರಿಸಿದ?

ಅದರ ಕೆಳಗೆ, ಯುದ್ಧ ಮುಗಿದು ವರ್ಷದ ಮೇಲೆ ಯುದ್ಧಕೈದಿಗಳ ಬಿಡುಗಡೆಯಾದಾಗ ಮರಳಿ ಬಂದ ಒಬ್ಬ ಸೈನಿಕನ ಹೇಳಿಕೆ. ಶತ್ರು ದೇಶದ ಆಸ್ಪತ್ರೆಯಲ್ಲಿ ತನ್ನಿಂದ ಎರಡು ಮಂಚ ಆಚೆ ಒಬ್ಬ ನಮ್ಮವನಿದ್ದ, ಕಾಲಿಗೆ ಗಾಯವಾಗಿತ್ತು, ದಕ್ಷಿಣದವನು, ಕಾಫಿ ಬೆಳೆಯುವ ಗುಡ್ಡದ ಮನೆಯ ಬಗ್ಗೆ ಮಾತಾಡುತ್ತಿದ್ದ, ಒಂದು ಬೆಳಿಗ್ಗೆ ಅವನನ್ನು ಎಲ್ಲಿಗೋ ಕರೆದುಕೊಂಡು ಹೋದರು, ಮತ್ತೆ ನೋಡಲಿಲ್ಲ. ಹೆಸರು ಸರಿಯಾಗಿ ನೆನಪಿಲ್ಲ. ಇದರ ಆಧಾರದಲ್ಲಿ ಕಚೇರಿಯವರು ನಮ್ಮ ಮನೆಗೆ ಕಾಗದ ಬರೆದಿದ್ದರು: ಈತ ನಿಮ್ಮ ಮಗನೇ ಇರಬಹುದು, ಆ ದೇಶದವರನ್ನು ವಿಚಾರಿಸಬೇಕಾಗಿದೆ, ದಯವಿಟ್ಟು ಒಂದು ಫೋಟೋ ಮತ್ತು ಮೈಮೇಲಿನ ಗುರುತುಗಳ ವಿವರ ಕಳಿಸಿ. ಎರಡು ತಿಂಗಳ ಮೇಲೆ ಇನ್ನೊಂದು ಕಾಗದ, ಉತ್ತರ ಬಂದಿಲ್ಲ, ಬೇಗ ಕಳಿಸಿ ಎಂದು.

ಬದುಕಿದ್ದರು! ದೊಡ್ಡಪ್ಪ ಬದುಕಿದ್ದರು. ಇಲ್ಲಿ ಅಂಗಿ ಸುಟ್ಟಾದ ಮೇಲೂ, ಎಲೆ ಹಾಕಿ ಬಡಿಸಿದ ಮೇಲೂ, ಅಲ್ಲಿ ಮಂಚದ ಮೇಲೆ ಮಲಗಿ ಯಾರಿಗೋ ನಮ್ಮ ಗುಡ್ಡದ ಕಥೆ ಹೇಳುತ್ತಿದ್ದರು. ಎದ್ದು ಹೋಗಿ ನೀರು ಕುಡಿದು ಬಂದು ಮುಂದಿನ ಹಾಳೆ ತಿರುಗಿಸಿದೆ.

ಅದು ಕನ್ನಡದಲ್ಲಿತ್ತು. ಓದುವ ಮೊದಲೇ ಅಕ್ಷರದ ಗುರುತು ಹತ್ತಿತು. ನನ್ನ ಅಪ್ಪ ಎಡಚ. ಅವನ ಅಕ್ಷರವೆಲ್ಲ ಎಡಕ್ಕೆ ವಾಲುತ್ತಿತ್ತು. ನನ್ನ ಶಾಲೆಯ ರಜಾ ಚೀಟಿಗಳನ್ನೆಲ್ಲ ಬರೆದ ಕೈ ಅದು. ಮೆಣಸಿನ ಚೀಲದ ಮೇಲೆ, ಔಷಧದ ಬಾಟಲಿಯ ಮೇಲೆ, ನನ್ನ ಮದುವೆಯ ಕಾಗದದ ಲಕೋಟೆಗಳ ಮೇಲೆ ಇದ್ದ ಅಕ್ಷರ.

"ತಮ್ಮ ಎರಡು ಕಾಗದಗಳೂ ತಲುಪಿವೆ. ನಮ್ಮ ಮಗ ತೀರಿಹೋಗಿದ್ದಾನೆ. ಅವನ ಉತ್ತರಕ್ರಿಯೆ ಮುಗಿಸಿದ್ದೇವೆ. ಕಾರಣರ ಜೊತೆ ಅವನಿಗೂ ಬಡಿಸಿದ್ದೇವೆ. ಇನ್ನು ಮುಂದೆ ಅವನ ವಿಷಯವಾಗಿ ನಮಗೆ ಕಾಗದ ಬರೆಯಬಾರದಾಗಿ ಬೇಡಿಕೊಳ್ಳುತ್ತೇವೆ." ಕೆಳಗೆ ಅಜ್ಜನ ಹೆಬ್ಬೆಟ್ಟು.

ಕೊನೆಯ ಹಾಳೆಯಲ್ಲಿ ಎರಡೇ ಸಾಲು. ಕುಟುಂಬದವರ ಹೇಳಿಕೆಯನ್ನು ಪರಿಗಣಿಸಿ ಮೃತರೆಂದು ತೀರ್ಮಾನಿಸಲಾಗಿದೆ, ಮುಂದಿನ ವಿಚಾರಣೆ ಅಗತ್ಯವಿಲ್ಲ. ಒಬ್ಬ ಮುದುಕನ ಹೆಬ್ಬೆಟ್ಟು ನೋಡಿ ಅಷ್ಟು ದೊಡ್ಡ ಕಚೇರಿ ಕೈ ತೊಳೆದುಕೊಂಡಿತ್ತು. ಸತ್ತದ್ದನ್ನು ನೀವು ನೋಡಿದ್ದೀರಾ ಎಂದು ಒಂದು ಮಾತು ಕೇಳಲಿಲ್ಲ. ಅವರಿಗೂ ಬೇಕಾಗಿತ್ತೇನೋ, ಒಂದು ಹೆಸರು ಕಡಿಮೆಯಾಗುವುದು.

ಅಪ್ಪನ ಕಾಗದದ ತಾರೀಕು ನೋಡಿದೆ. ಅವನ ಮದುವೆಗೆ ಎರಡು ತಿಂಗಳು ಮೊದಲು. ಮತ್ತೆ ನೋಡಿದೆ. ಈ ಕಾಗದ ಬೇರೆ ಥರ ಬರೆದಿದ್ದರೆ ಆ ಮದುವೆ ಇಲ್ಲ, ನಾನಿಲ್ಲ, ನನ್ನ ತಮ್ಮನಿಲ್ಲ. ಅಯ್ಯೋ ದೇವರೇ, ನಾನು ಹುಟ್ಟಿದ್ದೇ ಇದರ ಮೇಲೆ ಎಂದು ಒಬ್ಬಳೇ ಗಟ್ಟಿಯಾಗಿ ಹೇಳಿಕೊಂಡೆ. ಅಪ್ಪ ಗಟ್ಟಿ ಸ್ವರದಲ್ಲಿ ಮಾತಾಡಿದವನಲ್ಲ, ದನಕ್ಕೆ ಕೋಲು ಎತ್ತಿದವನಲ್ಲ. ಪ್ರತಿ ವರ್ಷ ಅಣ್ಣನ ಲೋಟಕ್ಕೆ ತಾನೇ ಬ್ರಾಂದಿ ಹೊಯ್ದು, ತಾನು ಮಾತ್ರ ಅವತ್ತು ಊಟಕ್ಕೆ ಕೂರುತ್ತಿರಲಿಲ್ಲ. ಅಣ್ಣನ ಮೇಲೆ ಎಂಥ ಪ್ರೀತಿ ಎಂದು ಜನ ಹೇಳುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಆ ಹೊತ್ತಿಗೆ ಅವನು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಲಕೋಟೆಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟೆ. ನಮ್ಮ ಮನೆತನದ ಬುದ್ಧಿ ನನಗೂ ಬಂದಿದೆ ಎಂದು ಅನ್ನಿಸಿದ್ದು ಆಮೇಲೆ.

ಮರುದಿನ ಬೆಳಿಗ್ಗೆ ಅಪ್ಪನ ಕಾಗದದ ಹಾಳೆಯನ್ನು ಮಾತ್ರ ತೆಗೆದುಕೊಂಡು ಮಾದಾಪುರದ ಬಸ್ಸು ಹತ್ತಿದೆ. ಅಲ್ಲಿ ಅಪ್ಪನ ತಂಗಿ ಇದ್ದಾಳೆ, ನನ್ನ ಅತ್ತೆ. ಆ ಕಾಲದವರಲ್ಲಿ ಅವ್ವನನ್ನು ಬಿಟ್ಟರೆ ಉಳಿದವಳು ಅವಳೊಬ್ಬಳೇ. ಅತ್ತೆ ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ನಾನು ಕಾಲು ತೊಳೆಯುವ ಮೊದಲೇ ಆ ಹಾಳೆಯನ್ನು ಅವಳ ಮುಂದೆ ಹಿಡಿದೆ. ಅವಳು ಕನ್ನಡಕ ಕೂಡ ತರಿಸಲಿಲ್ಲ. ಅಕ್ಷರ ನೋಡಿದ್ದೇ ಮೆಣಸಿನ ಚಾಪೆಯ ಅಂಚಿನಲ್ಲಿ ಕುಸಿದು ಕೂತಳು.

"ಎಂತಕ್ಕೆ ಕೆದಕಿದ ನೀ ಇದ್ರ?"

"ನಿಮಗೆ ಗೊತ್ತಿತ್ತಾ ಅತ್ತೆ? ಇಷ್ಟು ವರ್ಷ ಗೊತ್ತಿತ್ತಾ?"

ಗೊತ್ತಿತ್ತು. ಹದಿನೈದು ವರ್ಷದವಳು, ಎಲ್ಲ ಕಣ್ಣಾರೆ ನೋಡಿದ್ದಳು. ಆ ತಿಂಗಳು ಸುತ್ತಿನ ಎರಡು ಮನೆಗಳಿಗೆ ಟೆಲಿಗ್ರಾಂ ಬಂದಿತ್ತು, ಎರಡೂ ಸಾವಿನದು. ಪೋಸ್ಟಿನವನು ಸೈಕಲ್ಲು ತಳ್ಳಿಕೊಂಡು ನಮ್ಮ ಗುಡ್ಡ ಹತ್ತುವುದನ್ನು ಅಜ್ಜ ಜಗಲಿಯಿಂದ ಕಂಡ. "ಓದ್ಸಿಕೆ ಕಾಯ್ಲೆ ನಿನ್ನ ಅಜ್ಜ. ಟೆಲಿಗ್ರಾಂ ಕೈಗೆ ತಕಂಡವ ಸೀದಾ ಹೋಗಿ ಕೋವಿ ತೆಗ್ದ. ಇಂಗ್ಲಿಷ್ ಗೊತ್ತಿದ್ದ ಶಾಲೆ ಮೇಷ್ಟ್ರು ಬಂದು ಓದಾಕನ ಅಂಗಳ ತುಂಬಾ ಜನ. ಹೆಂಗಸ್ರು ಎದೆ ಬಡ್ಕಂಡ್ ಮರ್ಡ್ತಾ ಇದ್ದೊ. ಮೇಷ್ಟ್ರು ಅಜ್ಜನ ಒಳಗೆ ಕರ್ಕಂಡ್ ಹೋಗಿ ಹೇಳ್ದೊ, ಇದ್ರಲ್ಲಿ ಸತ್ತೊಳ ಹೇಳಿ ಇಲ್ಲೆ ಹೇಳಿ. ನಾ ಬಾಗಿಲ ಹಿಂದೆ ಇದ್ದೆ."

"ಆಗಲೇ ಹೊರಗೆ ಬಂದು ಹೇಳಬೇಕಿತ್ತಲ್ಲ!"

"ಹಾರ್ಸಿದ ಗುಂಡು ಕೋವಿ ಒಳಗೆ ವಾಪಸ್ ಬಾದು ಉಟ್ಟಾ? ಬದುಕಿದ ಮಗಂಗೆ ಎರಡು ಗುಂಡು ಹಾರ್ಸಿದ ಅಪ್ಪ ಹೇಳಿ ಊರು ಆಡ್ಕಂಬದು ಬೇಡಾಂತ ಸುಮ್ನಾದ. ಅಡಿಕೆಗೆ ಹೋದ ಮಾನ ಆನೆ ಕೊಟ್ರೆ ಬಂದದೆಯಾ?"

ಆಮೇಲೆ ಕಚೇರಿಯ ಕಾಗದ ಬಂದಾಗ ಅಜ್ಜ ಮನೆಯ ಹಿರಿಯರನ್ನು ಸೇರಿಸಿದನಂತೆ. ಕಾರಣರ ಜೊತೆ ಎಲೆ ಹಾಕಿಸಿಕೊಂಡವನು ಹೊಸಿಲು ದಾಟಿ ಒಳಗೆ ಬಂದರೆ ಮನೆ ಉಳಿಯುವುದಿಲ್ಲ ಎಂದು ಅವರಲ್ಲೊಬ್ಬ ಹೇಳಿದನಂತೆ. ಅವ್ವನ ತವರಿನವರಿಗೆ ಮದುವೆಯ ಮಾತು ಕೊಟ್ಟೂ ಆಗಿತ್ತು. ಎರಡನೆಯ ಕಾಗದ ಬಂದಾಗ, ಬರೆದುಹಾಕು ಎಂದು ಅಜ್ಜ ನನ್ನ ಅಪ್ಪನ ಮುಂದೆ ಕಾಗದ ಇಟ್ಟ. ಮನೆಯಲ್ಲಿ ಬರೆಯಲು ಬರುತ್ತಿದ್ದ ಗಂಡಸು ಅವನೊಬ್ಬನೇ.

"ಮೂರು ದಿನ ಉಣ್ಣದೆ ಕೂತ ನಿನ್ನ ಅಪ್ಪ," ಎಂದಳು ಅತ್ತೆ.

"ಉಣ್ಣದಿದ್ದರೆ ಏನಾಯಿತು? ನಾಲ್ಕನೆಯ ದಿನ ಬರೆದನಲ್ಲ!" ನನ್ನ ಸ್ವರ ಪಕ್ಕದ ಮನೆಗೆ ಕೇಳುವಷ್ಟು ಏರಿತ್ತು. "ಅವ್ವ ಅಡುಗೆಮನೆಯಲ್ಲೇ ಇದ್ದಳಲ್ಲ ಅತ್ತೆ. ಅವಳಿಗೆ ಒಂದು ಮಾತು ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲವಾ? ನೀವು?"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬರುವಾಗ ನನಗೆ ಮೆಣಸು ಕಟ್ಟಿಕೊಡಲು ಬಂದಳು. ನಾನು ತೆಗೆದುಕೊಳ್ಳದೆ ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ಆ ಹಾಳುಮುದುಕಿಯ ಮೇಲೆ ಕನಿಕರವೂ ಆಯಿತು, ಸಿಟ್ಟೂ ಇಳಿಯಲಿಲ್ಲ.

ಈಗ ಅವ್ವನಿಗೆ ಏನು ಹೇಳಲಿ? ಗಡಿಯಲ್ಲಿ ಗುಂಡು ತಗಲಿ ಒಂದೇ ಕ್ಷಣಕ್ಕೆ ಹೋದರಂತೆ, ನೋವಾಗಲಿಲ್ಲವಂತೆ ಎಂದರೆ ನಂಬುತ್ತಾಳೆ. ನೆಮ್ಮದಿಯಾಗಿ ಇರುತ್ತಾಳೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎಪ್ಪತ್ತು ದಾಟಿದ ಜೀವ. ನಿನ್ನ ಮೊದಲನೆಯ ಗಂಡ ಬದುಕಿದ್ದರು, ಎರಡನೆಯವನಿಗೆ ಅದು ಗೊತ್ತಿತ್ತು ಎಂದು ಯಾವ ಮಗಳು ಹೇಳುತ್ತಾಳೆ? ಮೂರು ದಿನ ಹಾಗೇ ತಳ್ಳಿದೆ. ನಾಲ್ಕನೆಯ ಬೆಳಿಗ್ಗೆ ಅವ್ವ ಕಾಫಿ ಲೋಟವನ್ನು ನನ್ನ ಕಡೆಗೆ ನೂಕಿದಳು.

"ಕಾಗದ ಬಂದುಟು ಅಲಾ?"

"ಯಾರು ಹೇಳಿದ್ದು?"

"ಮೂರು ದಿನಂದ ನನ್ನ ಕಾಫಿಗೆ ಸಕ್ಕರೆ ಹಾಕ್ತೊಳ ನೀ. ಬೈತಾನೂ ಇಲ್ಲೆ. ಎಂತದೋ ಕೆಟ್ಟದ್ ಉಟ್ಟು. ಓದು."

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಐವತ್ತು ವರ್ಷದಿಂದ ಅವಳ ಒಳ್ಳೆಯದಕ್ಕೆ ಎಂದು ಎಲ್ಲರೂ ಮಾಡಿದ್ದು ಇದನ್ನೇ ಅಲ್ಲವೇ? ಲಕೋಟೆ ತಂದೆ. ಟೆಲಿಗ್ರಾಮಿನಿಂದ ಶುರು ಮಾಡಿ ಒಂದೊಂದೇ ಹಾಳೆಯನ್ನು ಕನ್ನಡದಲ್ಲಿ ಹೇಳಿದೆ. ಆಸ್ಪತ್ರೆಯ ಮಂಚ, ಕಾಲಿನ ಗಾಯ, ಗುಡ್ಡದ ಮಾತು. ಅಪ್ಪನ ಕಾಗದವನ್ನೂ ಬಿಡದೆ ಕೊನೆಯವರೆಗೆ ಓದಿದೆ. ಅತ್ತೆ ಹೇಳಿದ್ದನ್ನೂ ಹೇಳಿದೆ. ಅವ್ವ ಅಪ್ಪನನ್ನು ಶಪಿಸುತ್ತಾಳೆ ಎಂದುಕೊಂಡೆ, ಎದೆ ಹಿಡಿದುಕೊಂಡು ಬೀಳುತ್ತಾಳೆ ಎಂದು ಹೆದರಿ ಕುರ್ಚಿಯ ಅಂಚಿಗೆ ಸರಿದು ಕೂತಿದ್ದೆ. ಅವಳು ಅಲ್ಲಾಡಲಿಲ್ಲ.

"ಗುರುತು ಕೇಳಿದ್ದೊನಾ?" ಎಂದಳು.

"ಏನವ್ವ?"

"ಮೈಮೇಲಿನ ಗುರುತು. ಕೇಳಿ ಬರ್ದಿದ್ದೊ ಹೇಳಿದ ಅಲಾ ನೀ."

"ಹೌದು. ಎರಡು ಸಲ ಕೇಳಿದ್ದಾರೆ."

"ಅಪ್ಪಂಗೆ ಎಂತ ಗೊತ್ತಿರ್ತದೆ, ತಮ್ಮಂಗೆ ಎಂತ ಗೊತ್ತಿರ್ತದೆ? ನಂಗೆ ಗೊತ್ತಿತ್ತ್. ಎಲ್ಲ ಗೊತ್ತಿತ್ತ್ ನಂಗೆ. ಅಲ್ಲೇ ಒಲೆ ಮುಂದೆ ಕೂತಿದ್ದೆ. ಒಬ್ರೂ ಕೇಳ್ಲೆ."

ಆಮೇಲೆ ಕೈಯಲ್ಲಿ ಕಣ್ಣು ಒರೆಸಿಕೊಂಡು, ಕಾಗದ ಪೆನ್ನು ತಾ ಎಂದಳು. ಇಷ್ಟು ವರ್ಷದ ಮೇಲೆ ಯಾರು ನೋಡುತ್ತಾರವ್ವ ಎಂದು ನಾನು ಹೇಳಲಿಲ್ಲ. ಹೇಳಲು ಧೈರ್ಯ ಬರಲಿಲ್ಲ. ವಿಚಾರಣೆಯನ್ನು ಮತ್ತೆ ತೆರೆಯಬೇಕು, ಆ ಆಸ್ಪತ್ರೆಯಿಂದ ಅವರನ್ನು ಎಲ್ಲಿಗೆ ಕರೆದುಕೊಂಡು ಹೋದರು ಎಂದು ಆ ದೇಶದವರನ್ನು ಕೇಳಬೇಕು ಎಂದು ಮೇಲೆ ಬರೆದೆ. ಕೆಳಗೆ ಅವಳು ಹೇಳುತ್ತಾ ಹೋದಳು. ಎಡ ಮೊಣಕಾಲಿನ ಕೆಳಗೆ ಕತ್ತಿ ತಾಗಿದ ಗಾಯದ ಕಲೆ, ಹೆಬ್ಬೆರಳಿನಷ್ಟು ಉದ್ದ. ಬಲಗಾಲಿನ ಕೊನೆಯ ಎರಡು ಬೆರಳು ಕೂಡಿಕೊಂಡಿವೆ. ಬೆನ್ನಿನಲ್ಲಿ, ಬಲ ಭುಜದ ಕೆಳಗೆ ಒಂದು ಮಚ್ಚೆ, ಮೆಣಸಿನ ಕಾಳಿನಷ್ಟು. ಒಂದಕ್ಕೂ ಅವಳು ತಡವರಿಸಲಿಲ್ಲ. ಅವಳ ಹತ್ತಿರ ಇದ್ದದ್ದು ಎಂಟು ತಿಂಗಳ ಸಂಸಾರ, ಅದರಲ್ಲೂ ಅವರು ರಜೆಗೆ ಬಂದಿದ್ದ ದಿನಗಳು ಮಾತ್ರ.

"ನಿದ್ದೆಲಿ ಹಲ್ಲು ಕಡ್ದವೆ," ಎಂದಳು.

"ಅವ್ವ, ಅದು ಮೈಮೇಲಿನ ಗುರುತಲ್ಲ."

"ಪಕ್ಕದ ಮಂಚದಲ್ಲಿ ಮಲ್ಗಿದವ್ಕೆ ಕೇಳಿರ್ತದೆ. ಬರಿ."

ಬರೆದೆ. ಕೊನೆಯಲ್ಲಿ ಅರ್ಜಿದಾರರು ಎಂದು ಬರೆದು ನನ್ನ ಹೆಸರು ಹಾಕಲು ಹೊರಟಾಗ ನನ್ನ ಕೈ ಹಿಡಿದಳು.

"ನಂದು ಹಾಕ್. ಕೆಳಗೆ ಹೆಂಡತಿ ಹೇಳಿ ಬರಿ."

ಪೆನ್ನು ನಿಂತುಹೋಯಿತು. ನಾನು ಯಾರ ಮಗಳು ಎಂಬುದು ಅವಳಿಗೆ ಮರೆತಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಅಪ್ಪ?" ಎಂದೆ.

"ಇವ್ರ ಜೊತೆ ಸಂಸಾರ ಮಾಡ್ದೆ, ನಿಮ್ಮ ಹೆತ್ತೆ, ಸುಳ್ಳಲ್ಲ. ಇವು ಮಾಡಿದ್ದ್ ಇವ್ರ ಹತ್ರವೇ ಕೇಳಿಕೆ ಉಟ್ಟು ನಂಗೆ, ಅದು ಬೇರೆ." ಅವ್ವ ಹಾಳೆಯನ್ನು ಬೆರಳಿನಿಂದ ಕುಟ್ಟಿದಳು. "ಅವು ಸತ್ತೊ ಹೇಳಿ ನಂಗೆ ಇನ್ನೂ ಯಾರೂ ಹೇಳ್ಲೆ ಗೂಡೆ. ಹೇಳುವವರೆಗೆ ನಾ ಅವ್ರ ಹೆಂಡತಿಯೇ. ಬರಿ."

ನಾನು ಬರೆದೆ. ಹೆಂಡತಿ ಎಂದು ಬರೆದು ಹಾಳೆಯನ್ನು ಅವಳ ಕಡೆಗೆ ತಿರುಗಿಸಿದೆ. ಅವ್ವ ಪೆನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.